ತೋಟದ ದಾರಿ, ಮೂರು ಕುದುರೆ, ಒಂದೇ ಸಮಯ

ಅರೇಬಿಕಾ ಕಾಫಿ ಕೊಯ್ಲು ಮುಗಿದಿದೆ, ರೊಬಸ್ಟಾ ನಡೀತಿದೆ. ಗದ್ದೆ ಒಣಗಿದೆ, ಬೆಳಗಿನ ಹವಾ ತಂಪು. ಕೊಡಗಿನಲ್ಲಿ ಕುದುರೆ ಇಟ್ಟುಕೊಂಡವರಿಗೆ ಹೊರಗೆ ಹೊರಡುವ ಆಸೆ ಆಗುವುದೇ ಈಗ. ಈ ಸಲ ಬಂದ ಪ್ರಶ್ನೆಗಳೆಲ್ಲ ತಂಡವಾಗಿ ಸವಾರಿ ಹೋಗುವವರದ್ದು. ಪಶುವೈದ್ಯನಾಗಿ, ಸವಾರನಾಗಿ ನನಗೆ ಗೊತ್ತಿರುವುದನ್ನು ಹೇಳಿದ್ದೇನೆ.

ಪ್ರಶ್ನೆ: ಡಾಕ್ಟ್ರೇ, ನಾನು, ನನ್ನ ತಮ್ಮ, ಪಕ್ಕದ ತೋಟದ ಹುಡುಗಿ ಮೂವರೂ ಸೇರಿ ಮುಂದಿನ ತಿಂಗಳು ಒಂದು ತಂಡದ ಸವಾರಿಗೆ ಹೆಸರು ಕೊಟ್ಟಿದ್ದೇವೆ. ಒಟ್ಟು 12 ಕಿಲೋಮೀಟರು. ತೋಟದ ರಸ್ತೆ, ಗದ್ದೆ ಬದಿ, ಸ್ವಲ್ಪ ಗುಡ್ಡ. ನಡೆಸುವವರು ಒಂದು ಸಮಯವನ್ನು ಮೊದಲೇ ಗೊತ್ತುಮಾಡಿ ಗುಟ್ಟಾಗಿ ಇಟ್ಟಿರುತ್ತಾರಂತೆ. ಅದಕ್ಕೆ ಹತ್ತಿರ ಬಂದ ತಂಡವೇ ಗೆದ್ದ ಹಾಗೆ. ಬೇಗ ಮುಗಿಸಿದರೆ ಗೆಲ್ಲಬಹುದು ಅಂದುಕೊಂಡಿದ್ದೆ. ಈಗ ಹೇಗೆ ತಯಾರಾಗೋದು ಅಂತಲೇ ತಿಳೀತಿಲ್ಲ. — ಸೋಮವಾರಪೇಟೆ

ಉತ್ತರ: ನೀವು ಹೇಳುತ್ತಿರುವುದು ವಿದೇಶಗಳಲ್ಲಿ ‘ಹಂಟರ್ ಪೇಸ್’ ಅಂತ ಕರೆಯುವ ಸವಾರಿಯ ರೀತಿಯದು. ನರಿ ಬೇಟೆಗೆ ಕುದುರೆ ಹತ್ತಿ ಹೋಗುತ್ತಿದ್ದವರ ಪದ್ಧತಿಯಿಂದ ಬಂದದ್ದು. ಸವಾರಿಗೆ ಮೊದಲು ಒಬ್ಬ ಅನುಭವಿ ಅದೇ ದಾರಿಯಲ್ಲಿ ಹದವಾದ ವೇಗದಲ್ಲಿ ಹೋಗಿ ಬರುತ್ತಾನೆ. ಅವನಿಗೆ ಹಿಡಿದ ಸಮಯವೇ ಲೆಕ್ಕ. ತಂಡದವರು ಒಟ್ಟಿಗೇ ಹೋಗಬೇಕು, ಒಟ್ಟಿಗೇ ಮುಗಿಸಬೇಕು. ನಡುವೆ ಒಂದು ಕಡೆ ಕಡ್ಡಾಯವಾಗಿ ನಿಲ್ಲಬೇಕಾಗುತ್ತದೆ.

ಇದರ ಅರ್ಥ ಇಷ್ಟೇ. ನಿಮ್ಮ ವೇಗ ನಿಮ್ಮ ಒಳ್ಳೆಯ ಕುದುರೆಯದಲ್ಲ, ಮೂರರಲ್ಲಿ ಹಿಂದೆ ಬೀಳುವ ಕುದುರೆಯದು. ಅದನ್ನು ಒಪ್ಪಿಕೊಂಡೇ ತಯಾರಿ ಶುರು ಮಾಡಿ.

ಮೊದಲು ನಿಮ್ಮ ಕುದುರೆಗಳ ವೇಗ ನಿಮಗೆ ಗೊತ್ತಿರಬೇಕು. ತೋಟದ ರಸ್ತೆಯಲ್ಲಿ ಸಮತಟ್ಟಾದ ಒಂದು ಕಿಲೋಮೀಟರು ಅಳೆದು ಎರಡು ಕಡೆ ಗುರುತು ಹಾಕಿ. ನಡಿಗೆಯಲ್ಲಿ ಹೋಗಿ, ಆಮೇಲೆ ಟ್ರಾಟಿನಲ್ಲಿ, ಅಂದರೆ ನಡಿಗೆಗಿಂತ ಜೋರಾದ ಕುಲುಕು ಓಟದಲ್ಲಿ ಹೋಗಿ, ನಿಮಿಷ ಬರೆದಿಟ್ಟುಕೊಳ್ಳಿ. ನಡಿಗೆಗೆ ಸುಮಾರು 10 ನಿಮಿಷ, ನೆಮ್ಮದಿಯ ಟ್ರಾಟಿಗೆ ಸುಮಾರು 5 ನಿಮಿಷ ಹಿಡಿಯುತ್ತದೆ. ಈಗ ನಿಮ್ಮ 12 ಕಿಲೋಮೀಟರಿಗೆ ಲೆಕ್ಕ ಹಾಕೋಣ. ಏರು, ಇಳಿಜಾರು, ಕಲ್ಲುದಾರಿ ಸೇರಿ 4 ಕಿಲೋಮೀಟರು ನಡಿಗೆ ಅಂದರೆ 40 ನಿಮಿಷ. 7 ಕಿಲೋಮೀಟರು ಟ್ರಾಟ್, 35 ನಿಮಿಷ. ನೆಲ ಚೆನ್ನಾಗಿರುವ ಕಡೆ 1 ಕಿಲೋಮೀಟರು ಕ್ಯಾಂಟರ್ (ಟ್ರಾಟಿಗಿಂತ ಜೋರಾದ ಓಟ), 3 ನಿಮಿಷ. ಒಟ್ಟು 78 ನಿಮಿಷ ಆಯ್ತು. ದಾರಿ ನೋಡಿದ ಮೇಲೆ ಇದು ಹೆಚ್ಚುಕಮ್ಮಿ ಆಗಬಹುದು. ಆದರೆ ಕೈಯಲ್ಲಿ ಒಂದು ಲೆಕ್ಕ ಇದ್ದರೆ ಗಾಬರಿ ಇರುವುದಿಲ್ಲ. ಕಡ್ಡಾಯವಾಗಿ ನಿಲ್ಲುವ ಹೊತ್ತನ್ನು ಲೆಕ್ಕಕ್ಕೆ ಹಿಡಿಯುತ್ತಾರೋ ಬಿಡುತ್ತಾರೋ ಅಂತ ಹೊರಡುವ ಮೊದಲೇ ಕೇಳಿಕೊಳ್ಳಿ.

ಇನ್ನು ಕುದುರೆಯ ತಯಾರಿ. ನಿಮ್ಮ ಕುದುರೆಗಳು ಈಗಾಗಲೇ ವಾರಕ್ಕೆ ಮೂರು ನಾಲ್ಕು ದಿನ ಹೊರಗೆ ಹೋಗಿ ಬರುತ್ತಿದ್ದರೆ ಒಂದು ತಿಂಗಳು ಸಾಕು. ಮೊದಲ ವಾರ ಗುಡ್ಡ ಹತ್ತಿ ಇಳಿಯುವ ನಡಿಗೆ ಜಾಸ್ತಿ ಮಾಡಿ. ಆಮೇಲೆ ಟ್ರಾಟಿನ ದೂರವನ್ನು ಸ್ವಲ್ಪ ಸ್ವಲ್ಪವೇ ಏರಿಸಿ. ಸವಾರಿಗೆ ಹತ್ತು ದಿನ ಮೊದಲು ಒಮ್ಮೆ 10 ಕಿಲೋಮೀಟರು ಮುಗಿಸಿ. ಕೊನೆಯ ವಾರ ಹಗುರ ಕೆಲಸ ಮಾತ್ರ. ಕುದುರೆ ಲಾಯದಲ್ಲೇ ನಿಂತಿದ್ದರೆ ಮಾತ್ರ ಈ ಸಲ ಹೆಸರು ವಾಪಸ್ ತಗೊಳ್ಳಿ. ನಿಷ್ಠುರವಾಗಿ ಹೇಳ್ತಿದ್ದೇನೆ ಅನ್ನಿಸಬಹುದು. ಆದರೆ ಕುದುರೆಯ ಉಸಿರು ಬೇಗ ಪಳಗುತ್ತದೆ, ಮೂಳೆ ಮತ್ತು ಕಾಲಿನ ಸ್ನಾಯುರಜ್ಜು (ಟೆಂಡನ್) ಗಟ್ಟಿಯಾಗಲು ತಿಂಗಳುಗಳೇ ಬೇಕು. ಅದು ಉತ್ಸಾಹದಿಂದ ಓಡುತ್ತದೆ, ಪೆಟ್ಟು ಮಾತ್ರ ಮಾರನೇ ದಿನ ಕಾಣುತ್ತದೆ.

ಎದೆಬಡಿತ ಎಣಿಸುವುದನ್ನು ಮೂವರೂ ಕಲಿಯಿರಿ. ಕುದುರೆಯ ಎಡಗಡೆ ನಿಲ್ಲಿ. ಮುಂಗಾಲಿನ ಮೊಣಕೈ ಹಿಂದೆ, ಜೀನಿನ ಪಟ್ಟಿ ಬರುವ ಜಾಗದಲ್ಲಿ ಸ್ಟೆತಸ್ಕೋಪ್ ಇಡಿ. ‘ಲಬ್ ಡಬ್’ ಎರಡೂ ಸೇರಿ ಒಂದು ಬಡಿತ. 15 ಸೆಕೆಂಡು ಎಣಿಸಿ ನಾಲ್ಕರಿಂದ ಗುಣಿಸಿ. ಸುಮ್ನೆ ನಿಂತ ಆರೋಗ್ಯವಂತ ಕುದುರೆಯದು ನಿಮಿಷಕ್ಕೆ 28ರಿಂದ 44. ದೂರದ ಎಂಡ್ಯೂರೆನ್ಸ್ ಸ್ಪರ್ಧೆಗಳಲ್ಲಿ ತಪಾಸಣೆಯ ಹೊತ್ತಿಗೆ ಸಾಮಾನ್ಯವಾಗಿ 64ಕ್ಕೆ ಇಳಿಯಲೇಬೇಕು, ಇಲ್ಲದಿದ್ದರೆ ಆ ಕುದುರೆ ಹೊರಗೆ. ನಿಮ್ಮದು ಸಣ್ಣ ದೂರ. ನಿಂತ ಹತ್ತು ಹದಿನೈದು ನಿಮಿಷದಲ್ಲಿ 60ಕ್ಕಿಂತ ಕೆಳಗೆ ಬರಬೇಕು ಅನ್ನುವುದು ನನ್ನ ಅಳತೆ. ಬಾರದಿದ್ದರೆ ಆ ಕುದುರೆ ಇನ್ನೂ ತಯಾರಾಗಿಲ್ಲ, ಇಲ್ಲವೇ ಅದಕ್ಕೆ ಎಲ್ಲೋ ನೋವಿದೆ.

ಇಷ್ಟು ಒತ್ತಿ ಹೇಳಲು ಕಾರಣ ಇದೆ. ಕೆಲವು ವರ್ಷಗಳ ಹಿಂದೆ ಒಂದು ತಂಡದ ಸವಾರಿಯಲ್ಲಿ ನನ್ನ ಕಂದು ಹೆಣ್ಣುಕುದುರೆ ಮುಂದೆ ಇತ್ತು. ದಿನ ಬಿಸಿಯಾಗಿತ್ತು, ಗಾಳಿ ಇರಲಿಲ್ಲ. ಮೈ ನೊರೆ ನೊರೆ ಬೆವರು. ಒಂದು ಹಳ್ಳದ ಹತ್ತಿರ ಅವಳು ನೀರಿಗೆ ತಲೆ ಬಗ್ಗಿಸಿದಳು. ಹೊತ್ತಾಯ್ತು ಅಂತ ನಾನೇ ಲಗಾಮು ಎತ್ತಿ ಮುಂದೆ ಹೊರಡಿಸಿದೆ. ಮುಗಿಸಿ ಇಳಿದಾಗ ಅವಳ ಪಕ್ಕೆ ಹಿಂದಿನ ಚರ್ಮ ಪಟ್ ಪಟ್ ಅಂತ ಹಾರುತ್ತಿತ್ತು. ಉಸಿರಾಟ ಇರಬೇಕು ಅಂದುಕೊಂಡೆ. ಎದೆಗೆ ಕೈಯಿಟ್ಟು ನೋಡಿದರೆ ಪ್ರತಿ ಎದೆಬಡಿತಕ್ಕೂ ಒಂದೊಂದು ಸಲ ಪಕ್ಕೆ ಹಾರುತ್ತಿದೆ. ಬೆವರಿನ ಜೊತೆ ಉಪ್ಪು, ಕ್ಯಾಲ್ಸಿಯಂ ಹೋಗಿ ವಪೆಯ (ಎದೆ ಮತ್ತು ಹೊಟ್ಟೆಯ ನಡುವಿನ ಉಸಿರಾಟದ ಸ್ನಾಯು) ನರ ಎದೆಬಡಿತಕ್ಕೆ ಸಿಕ್ಕಿ ಮಿಡಿಯುವ ತೊಂದರೆ ಅದು. ಜೊತೆಗಿದ್ದ ಇನ್ನೊಬ್ಬ ವೈದ್ಯರು ರಕ್ತನಾಳಕ್ಕೆ ಕ್ಯಾಲ್ಸಿಯಂ ಕೊಟ್ಟರು. ರಾತ್ರಿಯೆಲ್ಲ ಅವಳ ಪಕ್ಕದಲ್ಲೇ ಕೂತಿದ್ದೆ. ಬೆಳಗ್ಗೆ ಹುಲ್ಲಿಗೆ ಬಾಯಿ ಹಾಕಿದಳು. ಆ ಹಳ್ಳದಲ್ಲಿ ಉಳಿಸಿದ್ದು ಎರಡೇ ನಿಮಿಷ. ತಪ್ಪು ಪೂರ್ತಿ ನನ್ನದು.

ಅದಕ್ಕೇ ಹೇಳೋದು, ನೀರು ಸಿಕ್ಕಿದ ಕಡೆ ಮೂರೂ ಕುದುರೆ ನಿಲ್ಲಲಿ. ಒಂದು ಕುಡಿಯುವಾಗ ಉಳಿದೆರಡು ಮುಂದೆ ಹೋದರೆ ಕುಡಿಯುತ್ತಿದ್ದದ್ದು ತಲೆ ಎತ್ತಿ ಓಡುತ್ತದೆ. ಕುದುರೆ ನಿಜವಾಗಿ ಕುಡಿಯುತ್ತಿದೆಯಾ ಅಂತ ತಿಳಿಯಲು ಕಿವಿ ನೋಡಿ. ಒಂದೊಂದು ಗುಟುಕಿಗೂ ಕಿವಿ ಹಿಂದೆ ಮುಂದೆ ಆಡುತ್ತದೆ.

ಸಾಲು ಹೇಗಿರಬೇಕು ಅಂದರೆ, ಧೈರ್ಯದ ಕುದುರೆ ಮುಂದೆ, ಹೆದರುವುದು ನಡುವೆ. ಟ್ರಾಟಿನ ಭಾಗದಲ್ಲಿ ಸಣ್ಣ ಹೆಜ್ಜೆಯ ಕುದುರೆಯನ್ನು ಮುಂದೆ ಬಿಡಿ, ಉಳಿದವು ತಾವಾಗಿಯೇ ಹದಕ್ಕೆ ಬರುತ್ತವೆ. ನಡುವೆ ಕನಿಷ್ಠ ಒಂದು ಕುದುರೆಯಷ್ಟು ಅಂತರ ಇರಲಿ. ಒದೆಯುವ ಚಟ ಇರುವುದಾದರೆ ಬಾಲಕ್ಕೆ ಕೆಂಪು ರಿಬ್ಬನ್ ಕಟ್ಟಿ. ಸವಾರರೆಲ್ಲ ಅದನ್ನು ಗುರುತಿಸುತ್ತಾರೆ. ಹೆಲ್ಮೆಟ್, ಹಿಮ್ಮಡಿ ಇರುವ ಬೂಟು ಇಲ್ಲದೆ ಯಾರೂ ಹತ್ತಬಾರದು.

ಇನ್ನೊಂದು ಮಾತು, ಇದು ಕಾಫಿ ನಾಡಿಗೆ ಮಾತ್ರ ಬೇಕಾದದ್ದು. ದಾರಿ ಬಿಟ್ಟು ಗಿಡಗಳ ಸಾಲಿನೊಳಗೆ ಕುದುರೆ ಇಳಿಸಬೇಡಿ. ಮಳೆನೀರು ಇಂಗಲು ತೋಡಿದ ತೊಟ್ಟಿಲು ಗುಂಡಿಗಳು ತರಗೆಲೆ ತುಂಬಿ ಸಮನೆಲದ ಹಾಗೇ ಕಾಣುತ್ತವೆ. ಕಾಲು ಸಿಕ್ಕಿದರೆ ಮುರಿಯುತ್ತದೆ. ಗೇಟು ತೆರೆದಿದ್ದರೆ ತೆರೆದೇ ಬಿಡಿ, ಮುಚ್ಚಿದ್ದರೆ ಮುಚ್ಚಿ ಹೋಗಿ. ನಮ್ಮನ್ನು ತೋಟದೊಳಗೆ ಬಿಟ್ಟಿರುವುದೇ ದೊಡ್ಡ ಉಪಕಾರ.

ಪ್ರಶ್ನೆ: ನನ್ನ ಕುದುರೆ ಒಬ್ಬನೇ ಇದ್ದರೆ ಸಾಧು. ಗುಂಪಿನಲ್ಲಿ ಮುಂದಿನವರು ಹೊರಟರೆ ಸಾಕು, ಕಡಿವಾಣ ಕಚ್ಚಿ ಎಳೆಯುತ್ತಾನೆ. ಕಣದಲ್ಲಿ ಹಾಸಿದ ನೀಲಿ ಟಾರ್ಪಾಲು ಕಂಡರಂತೂ ಅಡ್ಡಡ್ಡ ಹಾರುತ್ತಾನೆ. ಇವನನ್ನು ತಂಡಕ್ಕೆ ಸೇರಿಸಬಹುದಾ? — ಪೊನ್ನಂಪೇಟೆ

ಉತ್ತರ: ಸೇರಿಸಬಹುದು, ಈಗಿನಿಂದ ಕೆಲಸ ಮಾಡಿದರೆ. ಕುದುರೆ ಗುಂಪಿನ ಪ್ರಾಣಿ. ಹಿಂದೆ ಉಳಿದರೆ ಪ್ರಾಣಕ್ಕೆ ಅಪಾಯ ಅಂತ ಅದರ ಮೈಯಲ್ಲೇ ಬರೆದಿದೆ. ಹಟ ಅಂತ ಹೊಡೆಯಬೇಡಿ.

ಗೆಳೆಯರೊಬ್ಬರ ಜೊತೆ ಅಗಲವಾದ ಗದ್ದೆಗೆ ಹೋಗಿ. ಗದ್ದೆ ಈಗ ಖಾಲಿ ಇದೆ ಅಲ್ವಾ? ಅವರು ನಾಲ್ಕು ಹೆಜ್ಜೆ ಮುಂದೆ ಹೋಗಿ ನಿಲ್ಲಲಿ. ನಿಮ್ಮವನು ನಿಂತೇ ಇದ್ದರೆ ಕುತ್ತಿಗೆ ಸವರಿ, ಆಮೇಲೆ ಸೇರಿಕೊಳ್ಳಿ. ನಾಳೆ ಹತ್ತು ಹೆಜ್ಜೆ, ನಾಡಿದ್ದು ಇಪ್ಪತ್ತು. ಆಮೇಲೆ ನೀವು ಮುಂದೆ, ಅವರು ಹಿಂದೆ. ಒಬ್ಬರನ್ನೊಬ್ಬರು ದಾಟಿ ಹೋಗುವುದನ್ನು ಮೊದಲು ನಡಿಗೆಯಲ್ಲಿ, ಆಮೇಲೆ ಟ್ರಾಟಿನಲ್ಲಿ ಮಾಡಿ. ಲಗಾಮನ್ನು ಬಿಗಿಯಾಗಿ ಹಿಡಿದೇ ಇದ್ದರೆ ಅವನು ಇನ್ನೂ ಜಾಸ್ತಿ ಎಳೆಯುತ್ತಾನೆ. ಹಿಡಿದು ಬಿಡಿ, ಹಿಡಿದು ಬಿಡಿ.

ಟಾರ್ಪಾಲಿಗೆ ಮನೆಯಲ್ಲೇ ಮದ್ದಿದೆ. ಲಾಯದ ಹತ್ತಿರ ಒಂದು ತುಂಡು ಹಾಸಿ, ಅಂಚಿಗೆ ಕಲ್ಲಿಟ್ಟು, ಅದರ ಪಕ್ಕದಲ್ಲೇ ದಿನಾ ಹುರುಳಿ ಕೊಡಿ. ಅವನೇ ಮೂಸಲಿ, ಗೊರಸಿನಿಂದ ಕೆರೆಯಲಿ. ನೀವು ಎಳೆದುಕೊಂಡು ಹೋಗಬೇಡಿ. ಹಾಗೆಯೇ ಇನ್ನು ಸ್ವಲ್ಪ ದಿನದಲ್ಲಿ ಕಾಫಿ ಹೂ ಅರಳಲು ಸ್ಪ್ರಿಂಕ್ಲರ್ ನೀರು ಶುರುವಾಗುತ್ತದೆ. ಆ ಟಿಕ್ ಟಿಕ್ ಸದ್ದು, ತಿರುಗಿ ಬಂದು ಮೈಮೇಲೆ ಬೀಳುವ ನೀರು, ಎರಡಕ್ಕೂ ಒಳ್ಳೊಳ್ಳೆ ಕುದುರೆಗಳೇ ಬೆದರುತ್ತವೆ. ಸಿಲ್ವರ್ ಓಕ್ ಮರಕ್ಕೆ ಏಣಿ ಒರಗಿಸಿ ಮೆಣಸು ಕೊಯ್ಯುವವರಿದ್ದರೆ ದೂರದಿಂದಲೇ ಕೂಗಿ ಹೇಳಿ, ನಡಿಗೆಯಲ್ಲೇ ದಾಟಿ. ಏಣಿಯ ತುದಿಯಲ್ಲಿರುವವರ ಜೀವ ನಿಮ್ಮ ಸಮಯಕ್ಕಿಂತ ದೊಡ್ಡದು.

ಪ್ರಶ್ನೆ: ಬೆವರಿದ ಕುದುರೆಗೆ ನೀರು ಕುಡಿಸಬಾರದು, ತಣ್ಣೀರು ಹಾಕಲೂಬಾರದು, ಕಾಲು ಹಿಡಿದುಕೊಳ್ಳುತ್ತದೆ ಅಂತ ನಮ್ಮ ತಾತ ಹೇಳ್ತಾರೆ. ನೀವು ಹಿಂದೊಮ್ಮೆ ಕುಡಿಸಿ ಅಂದಿದ್ರಿ. ಯಾವುದು ಸರಿ? — ನಾಪೋಕ್ಲು

ಉತ್ತರ: ತಾತನ ಕಾಲದಲ್ಲಿ ಎಲ್ಲ ಕಡೆ ಹಾಗೇ ನಂಬಿದ್ದರು, ಕುದುರೆ ಮೇಲಿನ ಕಾಳಜಿಯಿಂದಲೇ ಹೇಳುತ್ತಿದ್ದರು. ಆದರೆ ಈಗ ತಿಳಿದಿರುವುದು ಬೇರೆ. 1996ರ ಅಟ್ಲಾಂಟಾ ಒಲಿಂಪಿಕ್ಸಿಗೆ ಮೊದಲು, ಅಲ್ಲಿನ ಸೆಕೆಗೆ ಕುದುರೆಗಳು ತಡೆಯುತ್ತವೆಯೋ ಇಲ್ಲವೋ ಅಂತ ವಿಜ್ಞಾನಿಗಳು ಸಾಕಷ್ಟು ಪರೀಕ್ಷೆ ಮಾಡಿದರು. ಕಾದ ಕುದುರೆಯ ಮೈಗೆಲ್ಲ ತಣ್ಣೀರು ಸುರಿದರೆ ಮೈ ಬೇಗ ತಣಿಯುತ್ತದೆ, ಸ್ನಾಯು ಹಿಡಿದುಕೊಳ್ಳುವುದಿಲ್ಲ ಅಂತ ಗೊತ್ತಾಯಿತು. ಕೊಡಗಿನಲ್ಲಿ ಬಿಸಿಲು ಕಮ್ಮಿ ಇದ್ದರೂ ತೋಟದ ನೆರಳಿನಲ್ಲಿ ತೇವ ಜಾಸ್ತಿ, ಬೆವರು ಬೇಗ ಆರುವುದಿಲ್ಲ. ಹಾಗಾಗಿ ನೀರು ಸುರಿಯುತ್ತಲೇ ಇರಿ. ಕುಡಿಯಲೂ ಬಿಡಿ. ಬರೀ ನೀರಿನ ಪಕ್ಕದಲ್ಲೇ ಉಪ್ಪು ಬೆರೆಸಿದ ನೀರಿನ ಬಕೆಟ್ಟೂ ಇರಲಿ, ಕುದುರೆಯೇ ಆರಿಸಿಕೊಳ್ಳಲಿ. ತಾತನ ಮಾತಿನಲ್ಲಿ ಒಂದಂತೂ ನಿಜ. ಬೆವರಿದ ಕುದುರೆಯನ್ನು ಹಾಗೇ ಕಟ್ಟಿಹಾಕಬೇಡಿ, ಕೈಯಲ್ಲಿ ಹಿಡಿದು ನಡೆಸಿ. ಹುರುಳಿ, ಬೂಸಾ ಪೂರ್ತಿ ತಣಿದ ಮೇಲೆ.

ಪ್ರಶ್ನೆ: ರೇಸಿನಿಂದ ನಿವೃತ್ತಿಯಾದ ಕುದುರೆ ಮೂರು ತಿಂಗಳ ಹಿಂದೆ ಸಿಕ್ಕಿತು. ಇದನ್ನೇ ತಗೊಂಡು ಕೊಡಗಿಗೆ ಬರಲಾ? — ಮೈಸೂರು

ಉತ್ತರ: ಈ ವರ್ಷ ಬೇಡ. ಜೊತೆಯಲ್ಲಿ ಕುದುರೆ ಓಡಿದರೆ ಮುಂದೆ ಹೋಗಬೇಕು ಅನ್ನುವುದನ್ನೇ ಅದು ಚಿಕ್ಕಂದಿನಿಂದ ಕಲಿತಿದೆ. ಮರೆಯಲು ಹೊತ್ತು ಬೇಕು. ರೇಸಿನ ತೆಳು ಅಲ್ಯೂಮಿನಿಯಂ ಲಾಳ ಇನ್ನೂ ಇದ್ದರೆ ಬದಲಿಸಿ, ಕಲ್ಲುದಾರಿಗೆ ಕಬ್ಬಿಣದ್ದೇ ಬೇಕು. ಈ ಸಲ ಸವಾರಿ ನೋಡಲು ಬನ್ನಿ, ಚೆಕ್‌ಪಾಯಿಂಟಿನಲ್ಲಿ ನಿಂತು ಸಮಯ ಬರೆಯುವ ಕೆಲಸ ಕೇಳಿ ತಗೊಳ್ಳಿ. ಒಂದು ದಿನದಲ್ಲಿ ಬೇಕಾದಷ್ಟು ಕಲಿಯುತ್ತೀರಿ. ಮುಂದೆ ಕುದುರೆ ತರುವಾಗ ಗ್ಲ್ಯಾಂಡರ್ಸ್ ಪರೀಕ್ಷೆಯ ವರದಿ, ಧನುರ್ವಾಯು ಚುಚ್ಚುಮದ್ದಿನ ದಾಖಲೆ ಜೊತೆಗಿರಲಿ. ಗ್ಲ್ಯಾಂಡರ್ಸ್ ಮನುಷ್ಯರಿಗೂ ಹರಡುವ ರೋಗ.

ಪ್ರಶ್ನೆ: ಎರಡು ಪ್ರಶ್ನೆ ಸರ್. ದಾರಿಯಲ್ಲಿ ಕುದುರೆ ಕಾಫಿ ಎಲೆ ಕಿತ್ತು ತಿಂದರೆ ತೊಂದರೆನಾ? ನಮ್ಮ ಕಡೆ ಆನೆ ಜಾಸ್ತಿ, ಎಷ್ಟು ಹೊತ್ತಿಗೆ ಹೊರಡೋದು ಒಳ್ಳೇದು? — ಸಿದ್ದಾಪುರ

ಉತ್ತರ: ಒಂದೆರಡು ಎಲೆಗೆ ಏನೂ ಆಗುವುದಿಲ್ಲ. ಆದರೆ ಅಭ್ಯಾಸ ಮಾಡಿಸಬೇಡಿ. ಎಲೆಯ ಮೇಲೆ ಬೋರ್ಡೋ ದ್ರಾವಣವೋ ಬೇರೆ ಮದ್ದೋ ಇರಬಹುದು. ಮದ್ದು ತಪಾಸಣೆ ಇರುವ ಸ್ಪರ್ಧೆಗಳಲ್ಲಿ ಕೆಫೀನಿಗೂ ಹುಡುಕುತ್ತಾರೆ, ಆದ್ದರಿಂದ ಲಾಯಕ್ಕೆ ಕಾಫಿ ಸಿಪ್ಪೆ ಹಾಸುವುದನ್ನೂ ಬಿಡಿ. ಬೇಲಿಯಲ್ಲಿರುವ ಲಂಟಾನ ಮಾತ್ರ ನಿಜವಾದ ವಿಷ, ಪಿತ್ತಜನಕಾಂಗ (ಲಿವರ್) ಕೆಡುತ್ತದೆ.

ಆನೆಯ ವಿಷಯದಲ್ಲಿ ಸಡಿಲ ಬಿಡಬೇಡಿ. ಬಿಸಿಲು ಚೆನ್ನಾಗಿ ಏರಿದ ಮೇಲೆ, ಎಂಟು ಗಂಟೆಯ ನಂತರವೇ ಹೊರಡಿ. ಸಂಜೆ ನಾಲ್ಕರೊಳಗೆ ಎಲ್ಲ ಕುದುರೆಗಳೂ ಲಾಯದಲ್ಲಿರಲಿ. ಆ ದಿನ ಬೆಳಗ್ಗೆ ತೋಟದ ಕೆಲಸದವರು, ಅರಣ್ಯ ಇಲಾಖೆಯ ಸಿಬ್ಬಂದಿ ಇಬ್ಬರನ್ನೂ ಕೇಳಿ ದಾರಿ ಗಟ್ಟಿ ಮಾಡಬೇಕು. ಹಿಂದಿನ ರಾತ್ರಿ ಗುಂಪು ಬಂದಿದ್ದ ತೋಟವನ್ನು ಬಿಟ್ಟುಬಿಡಬೇಕು. ಮೀಸಲು ಅರಣ್ಯದೊಳಗೆ ಅನುಮತಿ ಇಲ್ಲದೆ ಕಾಲಿಡುವ ಹಾಗೇ ಇಲ್ಲ. ಕೆಲವು ತಿರುವುಗಳಲ್ಲಿ ಮೊಬೈಲ್ ಸಿಗ್ನಲ್ ಸಿಗುವುದಿಲ್ಲ, ಎಲ್ಲಿ ಸೇರಬೇಕು ಅಂತ ಮೊದಲೇ ಮಾತಾಡಿಕೊಳ್ಳಿ.

ದಾರಿಯಲ್ಲಿ ಆನೆಯ ಹಸಿ ಲದ್ದಿ, ಆಗತಾನೇ ಮುರಿದ ಕೊಂಬೆ ಕಂಡರೆ ಅಲ್ಲಿಂದಲೇ ತಿರುಗಿ. ನಿಮಗಿಂತ ಮೊದಲು ಕುದುರೆಗೆ ವಾಸನೆ ಸಿಗುತ್ತದೆ. ಅದು ತಟ್ಟನೆ ನಿಂತು, ಎರಡೂ ಕಿವಿ ಮುಂದಿಟ್ಟು, ಮೂಗಿನಿಂದ ಜೋರಾಗಿ ಉಸಿರು ಬಿಟ್ಟರೆ ಹಿಮ್ಮಡಿ ಕೊಟ್ಟು ಮುಂದೆ ತಳ್ಳಬೇಡಿ. ಕೂಗದೆ, ಓಡಿಸದೆ, ಮೂರೂ ಕುದುರೆಗಳನ್ನು ತಿರುಗಿಸಿ ಬಂದ ದಾರಿಯಲ್ಲೇ ನಡಿಗೆಯಲ್ಲಿ ವಾಪಸ್ ಬನ್ನಿ.