ಪ್ರತಿಕ್ರಿಯೆ: ನುಡಿಯ ಹಳೇ ಫೈಲು ಮೊಬೈಲಿನಲ್ಲಿ ಚಿತ್ರಲಿಪಿಯಾಗುವುದೇಕೆ?

ಸರ್, ನುಡಿ ಎಂಬ ಕನ್ನಡ ಟೈಪಿಂಗ್ ತಂತ್ರಾಂಶದಲ್ಲಿ ಬರೆದ ವರ್ಡ್ ಫೈಲು ವಾಟ್ಸಾಪಿಗೆ ಅಂಟಿಸಿದರೆ ಕಲಸುಮೇಲೋಗರ ಆಗುತ್ತೆ ಅಂದಿರಿ. ಫೈಲು ಕೆಟ್ಟಿಲ್ಲ. ನುಡಿ 01 ಇ ತರಹದ ಹಳೇ ಫಾಂಟುಗಳಲ್ಲಿ ಒಳಗೆ ಇರುವುದು ಇಂಗ್ಲಿಷ್ ಅಕ್ಷರ, ಚಿಹ್ನೆಗಳೇ; ಫಾಂಟು ಅವಕ್ಕೆ ಕನ್ನಡದ ವೇಷ ಹಾಕುತ್ತೆ ಅಷ್ಟೆ. ನಿಮ್ಮ ಮೊಬೈಲಿನಲ್ಲಿ ಕಂಡ ಪೌಂಡ್ ಚಿಹ್ನೆ ಅಸಲಿಗೆ ‘ನ’. ಹಾಗಾಗಿ ಬರೀ ಫಾಂಟ್ ಬದಲಿಸಿದರೆ ಉಪಯೋಗವಿಲ್ಲ, ಪಠ್ಯವನ್ನೇ ಯೂನಿಕೋಡಿಗೆ (ಎಲ್ಲಾ ಮೊಬೈಲು, ಕಂಪ್ಯೂಟರುಗಳಿಗೂ ಅರ್ಥವಾಗುವ ಅಕ್ಷರ ಸಂಕೇತ) ಪರಿವರ್ತಿಸಬೇಕು.

ಮೊದಲು ಫೈಲಿನ ಪ್ರತಿ ಇಟ್ಟುಕೊಳ್ಳಿ. ನಡುವೆ ಇಂಗ್ಲಿಷ್ ಪದಗಳಿದ್ದರೆ ಅಲ್ಲೇ ಎಡವಟ್ಟು: ಪರಿವರ್ತಕಕ್ಕೆ ಫಾಂಟ್ ಗೊತ್ತಾಗದೆ ಅವನ್ನೂ ಕನ್ನಡ ಮಾಡಿಬಿಡುತ್ತೆ. ವರ್ಡ್‌ನ ಅಡ್ವಾನ್ಸ್ಡ್ ಫೈಂಡ್‌ನಲ್ಲಿ ಫಾರ್ಮ್ಯಾಟ್, ಫಾಂಟ್, ಟೈಮ್ಸ್ ನ್ಯೂ ರೋಮನ್ (ಅಥವಾ ನೀವು ಬಳಸಿದ್ದು) ಕೊಟ್ಟು ‘ಫೈಂಡ್ ಇನ್’ ಒತ್ತಿ ‘ಮೇನ್ ಡಾಕ್ಯುಮೆಂಟ್’ ಆರಿಸಿ. ಎಲ್ಲಾ ಒಟ್ಟಿಗೆ ಆಯ್ಕೆಯಾಗುತ್ತವೆ, ಹಳದಿ ಬಣ್ಣ ಹಚ್ಚಿ. ಆಮೇಲೆ ಕನ್ನಡ ಭಾಗವನ್ನಷ್ಟೇ ನುಡಿ ತಂತ್ರಾಂಶದ್ದೇ ಪರಿವರ್ತಕಕ್ಕೆ ಹಾಕಿ. ‘ಬರಹ’ ಎಂಬ ಇನ್ನೊಂದು ತಂತ್ರಾಂಶದ ಫೈಲಾದರೆ ಅದರದ್ದೇ ಪರಿವರ್ತಕ, ಅದಲುಬದಲು ಬೇಡ.

ಪರಿವರ್ತನೆಯಾಗಿ ಬಂದದ್ದಕ್ಕೆ ನಿರ್ಮಲಾ ಯುಐ ಅಥವಾ ನೋಟೋ ಸ್ಯಾನ್ಸ್ ಕನ್ನಡ ಫಾಂಟ್ ಕೊಡಿ. ನಂತರ ಅರ್ಕಾವತ್ತು ನೋಡಲೇಬೇಕು. ಹಳೇ ಪದ್ಧತಿಯಲ್ಲಿ ಅದು ವ್ಯಂಜನದ ನಂತರ ಕೂರುತ್ತೆ, ಯೂನಿಕೋಡಿನಲ್ಲಿ ‘ರ್’ ಮೊದಲು. ‘ಕರ್ನಾಟಕ’, ‘ಕಾರ್ಯ’ ಸರಿ ಬಂದಿವೆಯಾ, ‘ರ್‍ಯಾಂಕ್’ ಹೋಗಿ ‘ರ್ಯಾಂಕ್’ ಆಗಿದೆಯಾ ಹುಡುಕಿ. ಅಂಕಿಗಳನ್ನೂ ಒಮ್ಮೆ ತಾಳೆ ನೋಡಿ, ಲೆಕ್ಕದ ಕಾಗದವಾದರೆ ಎರಡು ಸಲ.