ಪಿನಿಯನ್ ದೊಡ್ಡದಾಯಿತು, ಮೋಟರ್ ಯಾಕೆ ಸುಡುತ್ತಿದೆ?

ಪ್ರಶ್ನೆ: ಮಗನಿಗೆ ಅಂತ 1/10 ಅಳತೆಯ ಎಲೆಕ್ಟ್ರಿಕ್ ಆರ್‌ಸಿ ಬಗ್ಗಿ (ರಿಮೋಟ್‌ನಿಂದ ಓಡಿಸುವ ಕಾರು) ತಂದೆ. ಈಗ ನಾನೇ ಜಾಸ್ತಿ ಓಡಿಸುತ್ತೇನೆ! ಸ್ಪರ್ ಎಂಬ ದೊಡ್ಡ ಗೇರ್‌ಗೆ 54 ಹಲ್ಲು, ಅದನ್ನು ತಿರುಗಿಸುವ, ಮೋಟರ್ ಶಾಫ್ಟ್‌ನ ಚಿಕ್ಕ ಗೇರ್ ಪಿನಿಯನ್‌ಗೆ 18 ಇತ್ತು. ಸ್ಪೀಡ್ ಬರಲಿ ಅಂತ 22 ಹಲ್ಲಿನ ಪಿನಿಯನ್ ಹಾಕಿದೆ. ಮೈದಾನದ ಹುಲ್ಲಿನಲ್ಲಿ ಐದಾರು ನಿಮಿಷಕ್ಕೇ ಮೋಟರ್ ಮುಟ್ಟಲಾಗದಷ್ಟು ಬಿಸಿಯಾಗಿ ಕಾರು ನಿಂತುಬಿಡುತ್ತದೆ. ಫ್ಯಾನ್ ಹಾಕಿಸಲೇ? 2ಎಸ್ (ಎರಡು ಸೆಲ್) ಬದಲು 3ಎಸ್ (ಮೂರು ಸೆಲ್) ಬ್ಯಾಟರಿ ಹಾಕಲೇ?
– ಡೊಂಬಿವಲಿಯ ಓದುಗರು

ಉತ್ತರ: ಫ್ಯಾನೂ ಬೇಡ, 3ಎಸ್ಸೂ ಬೇಡ. ಮೊದಲು ಆ 22ನ್ನು ಬಿಚ್ಚಿ.

ಸ್ಪರ್‌ನ ಹಲ್ಲುಗಳನ್ನು ಪಿನಿಯನ್ ಹಲ್ಲುಗಳಿಂದ ಭಾಗಿಸಿ ನೋಡಿ. 54ನ್ನು 18ರಿಂದ ಭಾಗಿಸಿದರೆ 3. ಮೋಟರ್ ಮೂರು ಸುತ್ತು ತಿರುಗಿದಾಗ ಸ್ಪರ್ ಒಂದು ಸುತ್ತು. ನೀವು 22 ಹಾಕಿದಾಗ ಇದು 2.45ಕ್ಕೆ ಇಳಿಯಿತು. ಲೆಕ್ಕದಲ್ಲಿ ಸ್ಪೀಡ್ ಜಾಸ್ತಿ, ನಿಜ. ಆದರೆ ಇದು ಖಂಡಾಲಾ ಘಾಟ್‌ನಲ್ಲಿ ಲೋಡ್ ಲಾರಿಯನ್ನು ಟಾಪ್ ಗೇರ್‌ನಲ್ಲಿ ಹತ್ತಿಸಿದ ಹಾಗೆ. ಲಾರಿಯಾದರೆ ಮುಕ್ಕರಿದು ಆಫ್ ಆಗುತ್ತದೆ. ಈ ಮೋಟರ್ ಹಾಗಲ್ಲ, ಬ್ಯಾಟರಿಯಿಂದ ಇನ್ನಷ್ಟು ಕರೆಂಟ್ ಎಳೆದುಕೊಂಡು ಒದ್ದಾಡುತ್ತದೆ. ಕರೆಂಟ್ ಎರಡು ಪಟ್ಟಾದರೆ ಅದರ ತಂತಿಯಲ್ಲಿ ಹುಟ್ಟುವ ಬಿಸಿ ನಾಲ್ಕು ಪಟ್ಟು. ಜೊತೆಗೆ ಹುಲ್ಲಿನ ಎಳೆತ ಬೇರೆ. ನಿಮ್ಮ ಕಾರು ತಾನಾಗಿ ನಿಲ್ಲುತ್ತಿರುವುದು ಬಹುಶಃ ಮೋಟರ್‌ಗೆ ಕರೆಂಟ್ ಬಿಡುವ ಸ್ಪೀಡ್ ಕಂಟ್ರೋಲರ್ ಪುಣ್ಯ. ಅತಿ ಬಿಸಿಯಾದಾಗ ಅದೇ ಕರೆಂಟ್ ಕಡಿಯುತ್ತದೆ.

3ಎಸ್ ಹಾಕಿದರೆ 7.4 ವೋಲ್ಟ್ ಹೋಗಿ 11.1 ಆಗುತ್ತದೆ, ಒಂದೂವರೆ ಪಟ್ಟು. ಹಳೆಯ ಸ್ಪೀಡೇ ಸಾಕು ಅಂದರೂ ಆಗ 18ರ ಜಾಗಕ್ಕೆ 12 ಹಲ್ಲಿನ ಪಿನಿಯನ್ ಬೇಕು. 22ರ ಜೊತೆ 3ಎಸ್ ಅಂದರೆ ಸುಮ್ನೆ ಮೋಟರ್ ಸುಟ್ಟ ಹಾಗೆ.

ನಾನಾದರೆ 15 ಹಾಕುತ್ತೇನೆ. ಅನುಪಾತ 3.6 ಆಗುತ್ತದೆ. ಸ್ಪೀಡ್ ಕಮ್ಮಿ ಆಯ್ತಲ್ಲ ಅನ್ನಬೇಡಿ. ಸೊಸೈಟಿ ಕಾಂಪೌಂಡಿನ ಮೂವತ್ತು ಮೀಟರ್‌ನಲ್ಲಿ ಟಾಪ್ ಸ್ಪೀಡ್ ಮುಟ್ಟುವಷ್ಟರಲ್ಲಿ ಗೋಡೆ ಬಂದಿರುತ್ತದೆ, ಅಲ್ವಾ? ಅಲ್ಲಿ ಸಣ್ಣ ಪಿನಿಯನ್ ಕಾರೇ ಛಂಗನೆ ಹಾರಿ ಮುಂದಿರುತ್ತದೆ.

ಅಂಗಡಿಯಲ್ಲಿ ಬರೀ ಹಲ್ಲು ಎಣಿಸಿ ತರಬೇಡಿ. ಪಿಚ್, ಅಂದರೆ ಹಲ್ಲಿನ ಅಳತೆಯೂ ಹೊಂದಬೇಕು. 48 ಪಿಚ್ ಪಿನಿಯನ್ 32 ಪಿಚ್ ಸ್ಪರ್‌ಗೆ ಕೂರುವುದಿಲ್ಲ, ಹಲ್ಲು ತಿಂದುಹಾಕುತ್ತದೆ. ಹಳೆಯ ಪಿನಿಯನ್ ಜೇಬಿನಲ್ಲಿಟ್ಟುಕೊಂಡೇ ಹೋಗಿ. ಪಿನಿಯನ್ ಚಿಕ್ಕದಾದರೆ ಮೋಟರನ್ನು ಸ್ಪರ್ ಕಡೆ ಸರಿಸಬೇಕು. ನೋಟ್‌ಬುಕ್ ಹಾಳೆಯ ಒಂದು ಪಟ್ಟಿಯನ್ನು ಎರಡು ಗೇರ್ ನಡುವೆ ಸಿಕ್ಕಿಸಿ, ಮೋಟರ್ ಒತ್ತಿ ಹಿಡಿದು ಸ್ಕ್ರೂ ಬಿಗಿ ಮಾಡಿ. ಗೇರ್ ತಿರುಗಿಸಿದಾಗ ಹಾಳೆ ಹರಿಯದೆ ನೆರಿಗೆ ನೆರಿಗೆಯಾಗಿ ಹೊರಬಂದರೆ ಸರಿ. ಪಿನಿಯನ್ನಿನ ಚಿಕ್ಕ ಸ್ಕ್ರೂ ಶಾಫ್ಟ್‌ನ ಚಪ್ಪಟೆ ಭಾಗದ ಮೇಲೇ ಕೂರಬೇಕು.

ಮೂರು ನಿಮಿಷ ಓಡಿಸಿ ಬಿಸಿ ನೋಡಿ. 80 ಡಿಗ್ರಿ ದಾಟಬಾರದು. ತಣ್ಣಗಿದ್ದರೆ ಒಂದೊಂದೇ ಹಲ್ಲು ಏರಿಸಿ. ಇದಕ್ಕೆ ಕೋವಿಡ್ ಕಾಲದ ಹಣೆಯ ಥರ್ಮಾಮೀಟರ್ ನಂಬಬೇಡಿ, ಅದು ಮೈ ಬಿಸಿ ನೋಡಲು ಮಾಡಿದ್ದು.