ಓದುಗರ ಪ್ರಶ್ನೆ, ನಮ್ಮ ಉತ್ತರ: ಸಹವಾಸ ಮತ್ತು ನಡತೆ

ಪ್ರಶ್ನೆ: ಹಾಸನದಿಂದ ಬೆಂಗಳೂರಿಗೆ ಕೆಲಸಕ್ಕೆ ಬಂದು ಪಿಜಿಯಲ್ಲಿದ್ದೇನೆ. ರೂಮಿನ ಇಬ್ಬರು ಗೆಳೆಯರು ಕಷ್ಟಕ್ಕೆ ಆಗುವವರು. ಆದರೆ ಶುಕ್ರವಾರ ರಾತ್ರಿ ಕುಡಿಯಲು ಕರೆಯುತ್ತಾರೆ. ನಾನು ಅವರ ಜೊತೆ ಹೋದಾಗಲೆಲ್ಲ ಆ ಭಾನುವಾರದ ಆರಾಧನೆ ತಪ್ಪುತ್ತದೆ. ಮನೆಯಲ್ಲಿ ಬೈಬಲಿನ 1 ಕೊರಿಂಥ 15:33 (ದುಸ್ಸಹವಾಸದಿಂದ ಸದಾಚಾರ ಕೆಡುತ್ತದೆ ಎಂಬ ವಚನ) ತೋರಿಸಿ ದುಸ್ಸಹವಾಸ ಬಿಡು ಎನ್ನುತ್ತಾರೆ. ಅವರನ್ನು ಕೆಟ್ಟವರೆನ್ನಲು ಮನಸ್ಸು ಬರುತ್ತಿಲ್ಲ.

ಉತ್ತರ: ಕೆಟ್ಟವರೆನ್ನಬೇಕಾಗಿಲ್ಲ. ಮನೆಯವರು ತೋರಿಸಿದ ವಚನದ ಹಿಂದು ಮುಂದು ಓದಿ. ಸತ್ತವರು ಏಳುವುದಿಲ್ಲ ಎನ್ನುತ್ತಿದ್ದವರು ಕೊರಿಂಥದ ಸಭೆಯೊಳಗೇ ಇದ್ದರು (15:12). ಆ ಸಭೆಗೆ ಈ ಪತ್ರ ಬರೆದ ಪೌಲ ಎಚ್ಚರಿಸಿದ್ದು ಅವರ ವಿಷಯದಲ್ಲಿ. ಅದೇ ಪತ್ರದ 5ನೆಯ ಅಧ್ಯಾಯದಲ್ಲಿ, ಹೊರಗಿನವರ ಒಡನಾಟವನ್ನೇ ಬಿಡಿ ಎಂದು ನಾನು ಬರೆದದ್ದಲ್ಲ, ಹಾಗಾದರೆ ಲೋಕವನ್ನೇ ಬಿಟ್ಟು ಹೋಗಬೇಕಾದೀತು ಎಂದು ಸ್ಪಷ್ಟಪಡಿಸಿದ್ದಾನೆ. ಹಾಗಾಗಿ ಗೆಳೆಯನು ಚರ್ಚಿಗೆ ಬರುತ್ತಾನೋ ಇಲ್ಲವೋ ಎಂಬುದೊಂದೇ ಅಳತೆಯಾಗಲಾರದು. ನಿಮ್ಮ ದೌರ್ಬಲ್ಯ ಗೊತ್ತಾದ ಮೇಲೆ ಅವನು ಏನು ಮಾಡುತ್ತಾನೆ ಎಂಬುದನ್ನು ನೋಡಿ.

2 ಸಮುವೇಲ 13ರ ಯೋನಾದಾಬನನ್ನೇ ತೆಗೆದುಕೊಳ್ಳಿ. ದಿನದಿಂದ ದಿನಕ್ಕೆ ಯಾಕೆ ಸೊರಗುತ್ತಿದ್ದೀ ಎಂದು ತನ್ನ ಗೆಳೆಯನೂ ಅರಸ ದಾವೀದನ ಮಗನೂ ಆದ ಅಮ್ನೋನನನ್ನು ಕೇಳಿದವನು ಅವನೇ. ಕಾಳಜಿ ಎಂದೇ ಅನ್ನಿಸುತ್ತದೆ. ಮಲತಂಗಿ ತಾಮಾರಳ ಮೇಲಿನ ಮೋಹವೇ ಕಾರಣವೆಂದು ತಿಳಿದೊಡನೆ, ರೋಗದ ನೆವ ಮಾಡಿ ಮಲಗು ಎಂದು ಉಪಾಯ ಹೇಳಿಕೊಟ್ಟವನೂ ಅವನೇ. ಆ ಉಪಾಯದಿಂದಲೇ ಅಮ್ನೋನ ಅವಳ ಮಾನಭಂಗ ಮಾಡಿದ. ಎರಡು ವರ್ಷದ ಮೇಲೆ ಅವಳ ಅಣ್ಣನಿಂದ ಅಮ್ನೋನನ ಕೊಲೆಯಾದಾಗ, ಸತ್ತವನು ಅಮ್ನೋನನೊಬ್ಬನೇ, ಇದು ಅಂದಿನಿಂದಲೇ ನಿಶ್ಚಯವಾಗಿತ್ತು ಎಂದು ತಣ್ಣಗೆ ವರದಿ ಒಪ್ಪಿಸುತ್ತಾನೆ! ಇನ್ನೊಂದೆಡೆ ಯೋನಾತಾನ. ಪಟ್ಟಕ್ಕೆ ಬರಬೇಕಾಗಿದ್ದ ಅರಸುಮಗ, ತಂದೆ ಸೌಲನು ಕೊಲ್ಲಲು ಬೆನ್ನಟ್ಟಿದ್ದ, ಇನ್ನೂ ಅರಸನಾಗಿರದ ದಾವೀದನನ್ನು ಅಡವಿಗೆ ಹುಡುಕಿಕೊಂಡು ಹೋಗಿ ದೇವರಲ್ಲಿ ಧೈರ್ಯ ತುಂಬಿದ (1 ಸಮುವೇಲ 23:16). ನೀವು ಬೇಡವೆಂದಾಗ ನಿಮ್ಮ ರೂಮಿನವರು ಒಂದು ಸಲ ತಮಾಷೆ ಮಾಡಿ ಸುಮ್ಮನಾಗುತ್ತಾರೆಯೇ, ಪ್ರತಿ ವಾರ ಹೊಸ ಉಪಾಯ ಹೂಡುತ್ತಾರೆಯೇ? ಅದರಲ್ಲೇ ಗೊತ್ತಾಗುತ್ತದೆ.

ಇನ್ನು ಶುಕ್ರವಾರದ ಮಾತು. ಬರುವುದಿಲ್ಲ ಎಂಬುದನ್ನು ಬುಧವಾರವೋ ಗುರುವಾರವೋ ಊಟದ ಹೊತ್ತಿನಲ್ಲಿ ಹೇಳಿಬಿಡಿ. ಎಲ್ಲರೂ ಚಪ್ಪಲಿ ಮೆಟ್ಟಿ ಬಾಗಿಲಲ್ಲಿ ನಿಂತಾಗ ಹೇಳಹೊರಟರೆ ಹತ್ತರಲ್ಲಿ ಒಂಬತ್ತು ಸಲ ನೀವೂ ಹೊರಟಿರುತ್ತೀರಿ. ‘ನಾನು ಕುಡಿಯೋದು ಬಿಟ್ಟಿದ್ದೇನೆ, ಶುಕ್ರವಾರ ಬರಲ್ಲ’ ಎಂದರೆ ಸಾಕು, ಉಪದೇಶ ಬೇಡ. ತಲೆನೋವು, ಆಫೀಸ್ ಕೆಲಸ ಎಂಬ ನೆವವಂತೂ ಬೇಡವೇ ಬೇಡ. ಮುಂದಿನ ವಾರ ಇನ್ನೊಂದು ನೆವ ಹುಡುಕಬೇಕಾಗುತ್ತದೆ, ಕುಡಿತದ ಜೊತೆಗೆ ಸುಳ್ಳೂ ಅಂಟಿಕೊಳ್ಳುತ್ತದೆ. ಆ ಹೊತ್ತನ್ನು ಖಾಲಿ ಬಿಡಬೇಡಿ: ಗಾಯನ ಮಂಡಳಿಯ ಅಭ್ಯಾಸ, ಸಂಜೆಯ ಪ್ರಾರ್ಥನಾ ಕೂಟ, ಏನೂ ಇಲ್ಲದಿದ್ದರೆ ಊರಿನ ಬಸ್ಸು. ಜೊತೆಗೆ ಹೋಗಿ ಸೋಡಾ ಕುಡಿದು ಬರುತ್ತೇನೆ ಎಂಬ ಲೆಕ್ಕಾಚಾರವನ್ನು ಕನಿಷ್ಠ ಮೂರು ತಿಂಗಳು ಪಕ್ಕಕ್ಕಿಡಿ. ಶನಿವಾರ ಬೆಳಗಿನ ದೋಸೆಗೆ ನೀವೇ ಅವರನ್ನು ಕರೆದೊಯ್ಯಿರಿ. ಅವರಿಗೆ ಜ್ವರ ಬಂದರೆ ಆಸ್ಪತ್ರೆಗೆ ಮೊದಲು ಓಡುವವರೂ ನೀವೇ ಆಗಿರಿ.

ಜೊತೆಗೆ ಸಭೆಯಲ್ಲಿ ನಿಮಗಿಂತ ಹತ್ತಿಪ್ಪತ್ತು ವರ್ಷ ದೊಡ್ಡವರೊಬ್ಬರನ್ನು ಹಿಡಿದು ಹದಿನೈದು ದಿನಕ್ಕೊಮ್ಮೆ ಒಂದು ಗಂಟೆ ಕೂತು ಮಾತಾಡಿ. ಅದೇ ಚಟದಲ್ಲಿ ಒದ್ದಾಡುತ್ತಿರುವ ಸಮವಯಸ್ಕನನ್ನು ಆರಿಸಿಕೊಂಡರೆ ಇಬ್ಬರೂ ಒಬ್ಬರನ್ನೊಬ್ಬರು ಸಮಾಧಾನ ಮಾಡುತ್ತಲೇ ಇರುತ್ತೀರಿ. ‘ನನಗಾಗಿ ಪ್ರಾರ್ಥಿಸಿ’ ಎಂಬ ಮಸುಕು ಮಾತೂ ಸಾಲದು. ಯಾವ ದಿನ, ಎಲ್ಲಿ, ಯಾರ ಜೊತೆ ಎಂದು ಹೇಳಿ.

ಪ್ರಶ್ನೆ: ಹದಿನಾಲ್ಕು ವರ್ಷದ ಮಗ ಭಾನುವಾರ ಶಾಲೆಯಲ್ಲಿ ಕಂಠಪಾಠಕ್ಕೆ ಬಹುಮಾನ ತರುತ್ತಾನೆ, ಮನೆಯಲ್ಲಿ ಫೋನಿನ ವಿಷಯಕ್ಕೆ ಸುಳ್ಳು ಹೇಳುತ್ತಾನೆ. — ತಾಯಿ, ಉಡುಪಿ

ಉತ್ತರ: ಕಂಠಪಾಠ ಒಳ್ಳೆಯದೇ, ಆದರೆ ಅದರಿಂದ ಪಳಗಿದ್ದು ನೆನಪು. ಎಫೆಸ 4:25–28ರ ಕ್ರಮ ನೋಡಿ: ಸುಳ್ಳು ಬಿಟ್ಟವನು ನಿಜ ಹೇಳಲಿ, ಕದಿಯುವವನು ಕದಿಯುವುದನ್ನು ಬಿಟ್ಟು ದುಡಿಯಲಿ, ಕೊರತೆಯಲ್ಲಿರುವವನಿಗೆ ಕೊಡಲಿ. ಬಿಟ್ಟ ಜಾಗದಲ್ಲಿ ಇನ್ನೊಂದು ಬರಲೇಬೇಕು.

ಒಂದು ತಿಂಗಳು ಇದೊಂದನ್ನೇ ಹಿಡಿಯಿರಿ. ಸಿಟ್ಟು, ಸೋಮಾರಿತನ, ತಂಗಿಯ ಜೊತೆ ಜಗಳ ಎಲ್ಲವನ್ನೂ ಒಟ್ಟಿಗೆ ತಿದ್ದಹೋದರೆ ಎರಡನೇ ವಾರಕ್ಕೆ ಎಲ್ಲರೂ ಕೈಚೆಲ್ಲುತ್ತಾರೆ. ಅವನು ಫೋನ್ ನೋಡಿದ್ದು ಗೊತ್ತಿದ್ದೂ ‘ಫೋನ್ ನೋಡಿದ್ಯಾ?’ ಎಂದು ಕೇಳಬೇಡಿ, ಅದು ಸುಳ್ಳಿಗೆ ನೀವೇ ಹಾಕುವ ಗಾಳ. ‘ಹತ್ತು ಗಂಟೆಗೆ ನೋಡ್ತಿದ್ದದ್ದು ಕಂಡೆ, ಈಗ ಏನು ಮಾಡೋಣ?’ ಎನ್ನಿ. ತಾನಾಗಿ ಒಪ್ಪಿಕೊಂಡರೆ ಶಿಕ್ಷೆ ಅರ್ಧ. ಪೂರ್ತಿ ಮನ್ನಾ ಮಾಡಿದರೆ ಒಪ್ಪಿಗೆಯೇ ಹೊಸ ಉಪಾಯವಾಗುತ್ತದೆ. ರಾತ್ರಿ ಒಂಬತ್ತೂವರೆಗೆ ಮನೆಯವರೆಲ್ಲರ ಫೋನೂ, ನಿಮ್ಮದೂ ಸೇರಿ, ಹಾಲಿನ ಮೇಜಿನ ಮೇಲಿರಲಿ. ಸಾಲದವರು ಬಂದಾಗ ‘ಅಪ್ಪ ಮನೇಲಿಲ್ಲ ಅಂತ ಹೇಳು’ ಎಂದು ಮಗನನ್ನು ಬಾಗಿಲಿಗೆ ಕಳಿಸುವ ಮನೆಯಾಗಿದ್ದರೆ ಮೇಲೆ ಹೇಳಿದ ಯಾವುದೂ ನಡೆಯುವುದಿಲ್ಲ.

ಓದಲು ಬೈಬಲಿನ ಜ್ಞಾನೋಕ್ತಿಗಳ ಪುಸ್ತಕ ಸಾಕು. 31 ಅಧ್ಯಾಯ, ತಾರೀಖಿಗೊಂದು. ಪೂರ್ತಿ ಅಧ್ಯಾಯ ಬಾಯಿಪಾಠ ಬೇಡ. ಇವತ್ತು ಶಾಲೆಯಲ್ಲಿ ಬಳಸಬಹುದಾದ ಒಂದು ವಚನವನ್ನು ಅವನೇ ಆರಿಸಿ ನೋಟ್‌ಬುಕ್ಕಿನಲ್ಲಿ ಬರೆಯಲಿ.

ಪ್ರಶ್ನೆ: ಗೆಳತಿಗೆ ಗುಟ್ಟಾಗಿ ಹೇಳಿದ ಮನೆಯ ವಿಷಯ ಸಭೆಯ ವಾಟ್ಸಾಪ್ ಗುಂಪಿನಲ್ಲಿ ‘ಪ್ರಾರ್ಥನಾ ವಿನಂತಿ’ಯಾಗಿ ಬಂತು. ಅವಳ ಸ್ನೇಹ ಬಿಡಲೇ?

ಉತ್ತರ: ಇದು ಚಾಡಿಯೇ; ಪ್ರಾರ್ಥನೆಯ ಸೀರೆ ಉಡಿಸಿದರೆ ಬೇರೆಯಾಗುವುದಿಲ್ಲ. ಆದರೆ ಮತ್ತಾಯ 18:15ರಂತೆ ಮೊದಲು ಅವಳೊಬ್ಬಳ ಜೊತೆ, ಮುಖಾಮುಖಿ ಮಾತಾಡಿ. ಗುಂಪಿನಲ್ಲಿ ಉತ್ತರ ಬರೆದರೆ ಜಗಳ ಎರಡಾಗುತ್ತದೆ. ತಪ್ಪೆಂದು ಒಪ್ಪಿ ಸಂದೇಶ ಅಳಿಸಿದರೆ ಸ್ನೇಹ ಉಳಿಯಲಿ, ಗುಟ್ಟು ಮಾತ್ರ ಕೆಲವು ತಿಂಗಳು ನಿಮ್ಮಲ್ಲೇ ಇರಲಿ. ಕ್ಷಮಿಸಿದ ಮರುದಿನವೇ ಬೀಗದ ಕೈ ಕೊಡಬೇಕೆಂದಿಲ್ಲ.